ಮಾವನ ಸಿಟ್ಟಿನ ಪರೀಕ್ಷೆ

ನಮ್ಮ ಮಾವನಿಗೆ ಮನುಷ್ಯರೆಂದರೆ ಬಹಳ ಪ್ರೀತಿ. ಸಿಟ್ಟಿಗೆದ್ದ ಮನುಷ್ಯರೆಂದರಂತೂ ಪ್ರಾಣ! ಅಮ್ಮನ ಅಣ್ಣನಾದ ಇವರು ಮೂಡುಬಿದಿರೆಯ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಕಲಿಸಿ ನಿವೃತ್ತರಾದವರು. ಭಾವನೆ ಬದಲಾದರೆ ಯೋಚನೆ ಹೇಗೆ ಬದಲಾಗುತ್ತದೆ ಎಂಬುದೇ ಅವರ ಸಂಶೋಧನೆ. ಮೊದಲು ಅದಕ್ಕೆ ವಿದ್ಯಾರ್ಥಿಗಳು ಸಿಗುತ್ತಿದ್ದರು. ಈಗ ಒಂದೇ ಮನೆಯಲ್ಲಿರುವ ನಾವು ಸಿಕ್ಕಿದ್ದೇವೆ, ನಮ್ಮ ಕರ್ಮ!

ಒಮ್ಮೆ ನನ್ನೊಡನೆ ವೇಣೂರಿನಿಂದ ಬರುವಾಗ ಮಾವ ಬಸ್ಸಿನ ಕಂಡಕ್ಟರನ ಕಾಲನ್ನು ಬೇಕೆಂದೇ ತುಳಿದರು. ಅವನು ಕೆಂಡವಾದ ಮೇಲೆ, ಶಿರ್ತಾಡಿಯಲ್ಲಿ ಎಲ್ಲಿ ಇಳಿಯುವುದು ಒಳ್ಳೆಯದು ಎಂದು ಸಲಹೆ ಕೇಳಿದರು. ಅವನು ನಮ್ಮಿಬ್ಬರನ್ನೂ ನಡುದಾರಿಯಲ್ಲೇ ಇಳಿಸಿದ! ಸಿಟ್ಟು ಬಂದವನಿಗೆ ದೂರದ್ದು ಹೊಳೆಯುವುದಿಲ್ಲವೆಂದು ಮಾವ ದಾರಿಯುದ್ದಕ್ಕೂ ಸಂಭ್ರಮದಿಂದ ವಿವರಿಸಿದರು. ಸಾಮಾನಿನ ಚೀಲ ನನ್ನ ಕೈಯಲ್ಲಿತ್ತು.

ಅದನ್ನೂ ಸಹಿಸಿದೆ. ಆದರೆ ಕಳೆದ ಎಪ್ರಿಲಿನಲ್ಲಿ ಮಾಡಿದ್ದನ್ನು ಹೇಗೆ ಸಹಿಸಲಿ? ಬೆಳ್ತಂಗಡಿಯಿಂದ ನನ್ನನ್ನು ನೋಡಲು ಹುಡುಗ ತಂದೆತಾಯಿಯೊಡನೆ ಬಂದಿದ್ದ. ಫೋನಿನಲ್ಲಿ ಮಾತನಾಡಿಯೇ ಅವನು ನನಗೆ ಹಿಡಿಸಿದ್ದ. ನಮ್ಮಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು, ಆಮೇಲೆ ಮಾತು. ಬೆಲ್ಲದ ತಟ್ಟೆಯನ್ನು ನಮ್ಮ ಕೈಯಿಂದ ತೆಗೆದುಕೊಂಡು ಹೋದ ಮಾವ ಅದನ್ನು ಅವರು ಕುಳಿತಿದ್ದ ಚಾವಡಿಗೆ ಒಯ್ಯಲೇ ಇಲ್ಲ! ಸಾಲದ್ದಕ್ಕೆ ಫ್ಯಾನಿನ ಫ್ಯೂಸನ್ನೂ ಕಿತ್ತು, ಅತಿಥಿಗಳನ್ನು ಸೆಕೆಯಲ್ಲಿ ಬೇಯಲು ಬಿಟ್ಟು ಎದುರಿಗೆ ಕುಳಿತರು. ಗಲಾಟೆ ಕೇಳಿ ನಾವು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಕಾರು ಹೊರಟಿತ್ತು. ಸಂಬಂಧ ಬೇಡವೆಂದದ್ದು ಅವರಲ್ಲ, ಮಾವ!

ನನಗೆ ಮೈಯೆಲ್ಲ ಉರಿಯಿತು. ಹುಚ್ಚ ಎಂದೆ, ಇನ್ನೂ ಏನೇನೋ ಅಂದೆ. "ನಿಮ್ಮ ಪರೀಕ್ಷೆಗೆ ನನ್ನ ಮದುವೆಯೇ ಬೇಕಿತ್ತಾ?"

ಮಾವ ತಲೆಯೆತ್ತಲಿಲ್ಲ. "ಅವನಿಗೆ ಸಿಟ್ಟು ಬಂತು. ತಾಯಿ ಸಮಾಧಾನ ಮಾಡ್ಲಿಕ್ಕೆ ಹೋದ್ರು. ಅವರ ಕೈ ತಿರುಚಿ ಕೂರಿಸಿದ. ಅವರು ಒಂದು ಶಬ್ದ ಮಾತಾಡ್ಲಿಲ್ಲ. ಅಭ್ಯಾಸ ಉಂಟು ಅವರಿಗೆ."

ಗಂಡನ ಪೆಟ್ಟು ತಾಳಲಾರದೆ ಬಂಟ್ವಾಳದಿಂದ ಹಿಂದಿರುಗಿ ಬಂದು ನಮ್ಮೊಡನೆಯೇ ಇರುವ ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದರು. ಮಾವನಿಗೆ ಅವರೆಂದರೆ ಮುದ್ದಿನ ತಂಗಿ.

"ಇವಳನ್ನು ನೋಡ್ಲಿಕ್ಕೆ ಬಂದಾಗ ನಾನೇ ಬೆಲ್ಲ ಕೊಟ್ಟದ್ದು," ಎಂದರು ಮಾವ. "ಎಲ್ಲ ನಗ್ತಾ ಇದ್ರು. ನಂಗೂ ಖುಷಿ. ಆ ಖುಷಿಯಲ್ಲಿ ಏನೂ ಕಾಣ್ಲಿಲ್ಲ."

ಚಿಕ್ಕಮ್ಮ ಬಂದು ಅವರ ಪಕ್ಕ ಕುಳಿತರು. "ಈ ಸಲ ಕಂಡಿತಲ್ಲ ಅಣ್ಣ," ಎಂದರು.

ಮತ್ತೆ ಬೈಯಲು ಬಾಯಿ ತೆರೆದಿದ್ದ ನಾನು ಮಾವನ ಕೈ ಹಿಡಿದುಕೊಂಡೆ.