ಭಾನುವಾರದ ಅತ್ತೆ

ಚೀಟಿ ಎತ್ತಿಸುವ ಬುದ್ಧಿ ಇಂದುಶೇಖರನಿಗೆ ಯಾಕೆ ಬಂತೋ! ನೋಯ್ಡಾದ ಆ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ಕೋಣೆಯಲ್ಲಿ ಪ್ರತಿ ಭಾನುವಾರ ಸಂಜೆ ಅವನು ಕನ್ನಡದ ಮಕ್ಕಳಿಗೆ ಒಂದು ಹಳೆಯ ಕಾದಂಬರಿ ಓದಿಸುತ್ತಿದ್ದ. ಮಕ್ಕಳು ಆಕಳಿಸುತ್ತಿದ್ದರು. ಅದರಲ್ಲಿನ ಅತ್ತೆ ಎಂಥವಳು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ವಿಲನ್, ಸರ್." ಹೀಗಾದರೆ ಆಗದು ಎಂದು ಅವನು ಪಾತ್ರಗಳ ಹೆಸರು ಬರೆದು ಚೀಟಿ ಮಡಿಸಿದ. ಯಾರಿಗೆ ಯಾವ ಪಾತ್ರ ಬರುತ್ತದೋ ಅವರು ಮುಂದಿನ ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಅದೇ ಆಗಿರಬೇಕು.

"ಸರ್ ಭೀ ಎತ್ತಬೇಕು!" ಎಂದಳು ಮಾತುಮಾತಿಗೂ ಹಿಂದಿ ಬೆರೆಸುವ ಹುಡುಗಿ ನಿಶಿತಾ.

ಎತ್ತಿದ. ಅತ್ತೆ ಬಂತು. ಇಂದುಶೇಖರನೋ, ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಬಿದ್ದರೂ ಕುಡಿದು ಲೋಟ ತೊಳೆದಿಡುವ ಗಂಡಸು.

ಭಾನುವಾರ ಬೆಳಗ್ಗೆ ಹೆಂಡತಿ ಉಷಾ ತಿಂಡಿ ತಂದಿಟ್ಟಳು. ಅವನು ಎದೆ ಗಟ್ಟಿ ಮಾಡಿಕೊಂಡ. "ಏನೇ ಇದು? ಉಪ್ಪಿಟ್ಟೋ, ಗೋಡೆಗೆ ಮೆತ್ತೋ ಗಾರೆನೋ?"

"ಅಚ್ಛಾ? ಅತ್ತೆಯವರಿಗೆ ಬೇಡವಾದ್ರೆ ಬಿಡ್ಲಿ," ಎಂದು ಉಷಾ ತಟ್ಟೆ ಎತ್ತಿಕೊಂಡು ಹೋದಳು.

ಹಸಿದ ಹೊಟ್ಟೆಯಲ್ಲಿ ಕೆಳಗಿಳಿದವನು ತರಕಾರಿ ಭಯ್ಯಾನ ಟೊಮೆಟೊಗಳಲ್ಲಿ ಒಂದೊಂದಾಗಿ ಹುಳುಕು ತೆಗೆದ. ಆ ಗದ್ದಲಕ್ಕೆ ಜನ ಸೇರಿತು. ಎದುರುಮನೆಯ ಪ್ರಕೃತಿಗಂತೂ ಖುಷಿಯೋ ಖುಷಿ. "ಸಾರ್, ಹಾಗೇ ಆ ಲಿಫ್ಟಿಗೂ ಒಂದಿಷ್ಟು ಬೈದ್ಬಿಡಿ!" ಲಿಫ್ಟಿಗೆ ಬೈದ. ಸೋರುವ ಪೈಪಿಗೆ ಬೈದ. ಹಿಂದೆ ಮೆರವಣಿಗೆ ಬೆಳೆಯಿತು, ಅದರಲ್ಲಿ ಅವನ ವಿದ್ಯಾರ್ಥಿಗಳೂ ಇದ್ದರು.

ನೋಟಿಸ್ ಬೋರ್ಡಿನ ಮುಂದೆ ಅವನು ಗಕ್ಕನೆ ನಿಂತ. ಮುಂದಿನ ವಾರದಿಂದ ಕ್ಲಬ್‌ಹೌಸ್ ಕೋಣೆ ಜುಂಬಾ ಕುಣಿತದ ತರಗತಿಗೆ! ಕೆಳಗೆ ಸೊಸೈಟಿಯ ಸೆಕ್ರೆಟರಿ, ನಿವೃತ್ತ ಕರ್ನಲ್ ಸೋಮಯ್ಯನವರ ಸಹಿ. ಕೋಣೆ ಹೋದರೆ ಕನ್ನಡ ತರಗತಿಯೂ ಹೋದಂತೆಯೇ. ಅಷ್ಟು ಮಕ್ಕಳನ್ನು ತನ್ನ ಪುಟ್ಟ ಫ್ಲಾಟಿನಲ್ಲಿ ಎಲ್ಲಿ ಕೂರಿಸುವುದು? ಅವನಿಗೆ ಅಳುವೇ ಬಂತು.

"ಚಲೋ ಸರ್, ಅತ್ತೆ ಸುಮ್ನೆ ಇರಲ್ಲ," ಎಂದು ನಿಶಿತಾ ಅವನ ಕೈ ಹಿಡಿದಳು. ಸೋಮಯ್ಯನವರು ಅವಳ ಸ್ವಂತ ಅಜ್ಜ.

ಮೆರವಣಿಗೆ ಅವರ ಮನೆಗೇ ಹೋಯಿತು. ಕರ್ನಲ್ ಬಾಗಿಲು ತೆರೆದರು. ಇಂದುಶೇಖರ ಕಣ್ಣು ಮುಚ್ಚಿಕೊಂಡು ಶುರು ಮಾಡಿದ. "ಏನಯ್ಯಾ ಸೋಮಯ್ಯಾ! ಮನೆ ನಡೆಸೋ ರೀತಿನಾ ಇದು? ಲಿಫ್ಟ್ ನೋಡಿದ್ರೆ ನರಳುತ್ತೆ, ಪೈಪ್ ನೋಡಿದ್ರೆ ಅಳುತ್ತೆ! ಮಕ್ಕಳು ಕೂತು ಓದೋ ಜಾಗಾನೂ ಕಿತ್ಕೊಳ್ತೀಯಾ? ನಾಚಿಕೆ ಆಗಲ್ವಾ?"

ಕಣ್ಣು ಬಿಟ್ಟಾಗ ಕರ್ನಲ್ ಒಳಗೆ ನಡೆದಿದ್ದರು. "ಕೊಡಗಿನೋರು ಸಾರ್, ಕೋವಿ ತರೋಕೆ ಹೋದ್ರು," ಎಂದು ಪ್ರಕೃತಿ ಪಿಸುಗುಟ್ಟಿ ಕಂಬದ ಹಿಂದೆ ಸರಿದಳು.

ಅವರು ತಂದದ್ದು ಬೀಗದ ಕೈ ಗೊಂಚಲು. ಅದನ್ನು ಇಂದುಶೇಖರನ ಕೈಗಿಟ್ಟು ನಕ್ಕರು.

"ಈ ಕೆಲಸಕ್ಕೆ ಬಾಯಿರೋ ಒಬ್ಬನ್ನ ಎಷ್ಟು ವರ್ಷದಿಂದ ಹುಡುಕ್ತಾ ಇದ್ದೆ ಮಾರಾಯ! ಇವತ್ತಿಂದ ನೀನೇ ಸೆಕ್ರೆಟರಿ. ಕೋಣೆ ಯಾರಿಗೆ ಬೇಕಾದ್ರೂ ಕೊಟ್ಕೋ."

"ಸರ್, ಇದು ಬರೀ ಪಾತ್ರ..." ಎಂದ ಇಂದುಶೇಖರ. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಸಂಜೆ ಕೋಣೆ ಅವನದೇ ಆಗಿತ್ತು. ಬಾಗಿಲಲ್ಲಿ ಜುಂಬಾ ಹೆಂಗಸರು ಜಗಳಕ್ಕೆ ನಿಂತಿದ್ದರು, ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಆಗ ನಿಶಿತಾ ಎದ್ದು ನಿಂತಳು.

"ಸರ್, ಅತ್ತೆ ಕೆಟ್ಟವಳಲ್ಲ. ಕಥೆ ಕೊನೇಲಿ ಸೊಸೆಗೆ ಬೀಗದ ಕೈ ಕೊಟ್ಟು ನಗ್ತಾಳಲ್ಲ, ಅದು ಮೋಸದ ನಗು ಅಂದ್ಕೊಂಡಿದ್ವಿ. ಇವತ್ತು ನಮ್ಮಜ್ಜ ಹಾಗೇ ನಕ್ಕೊಂಡು ಮಧ್ಯಾಹ್ನ ಮಲಗಿದ್ರು. ಪಾಪ, ಅತ್ತೆಗೂ ಸುಸ್ತಾಗಿತ್ತು. ಮನೆ ನೋಡ್ಕೊಂಡು ನೋಡ್ಕೊಂಡೇ ಸಿಡುಕಿ ಆಗಿದ್ಲು."

ಒಂದೇ ಒಂದು ಹಿಂದಿ ಪದವಿಲ್ಲದೆ ಆ ಹುಡುಗಿ ಇಷ್ಟುದ್ದ ಮಾತಾಡಿದ್ದು ಅದೇ ಮೊದಲು. ಶಾಲೆಯ ಯಾವ ಪುಸ್ತಕವೂ ಕಲಿಸದ್ದನ್ನು ಮಕ್ಕಳು ತಾವೇ ಕಂಡುಕೊಂಡಿದ್ದರು.

"ಅಂದ್ರೆ ಸರ್," ಎಂದಳು ನಿಶಿತಾ, "ನೀವು ಅತ್ತೆ ಅಲ್ಲವೇ ಅಲ್ಲ. ಸೊಸೆ."

ಫೋನಿನಲ್ಲಿ ವಾಚ್‌ಮನ್ ಕೂಗುತ್ತಿದ್ದ, ನೀರಿನ ಟ್ಯಾಂಕರ್ ಗೇಟಿನಲ್ಲಿ ಸಿಕ್ಕಿಕೊಂಡಿದೆಯಂತೆ. ಇಂದುಶೇಖರ ಗೊಂಚಲು ಎತ್ತಿಕೊಂಡು ಓಡಿದ. ತಿರುಗಿ ನೋಡಿದರೆ, ನಿದ್ದೆ ಮುಗಿಸಿ ಬಂದ ಕರ್ನಲ್ ಅವನ ಕುರ್ಚಿಯಲ್ಲಿ ಕಾಲು ಚಾಚಿ ಕೂತು, "ಮೊದಲಿಂದ ಓದಮ್ಮ, ನಂಗೂ ಕೇಳ್ಬೇಕು," ಎನ್ನುತ್ತಿದ್ದರು.