ಕ್ಯಾರವಾನಿಗೊಂದು ಅಂಗಿ

ಲೊರೇನ್ ಫೋನಿಟ್ಟು, "ಡ್ಯಾರಿಲ್ ಸಂಜೆ ಚಹಾಕ್ಕೆ ಬರ್ತಾನಂತೆ," ಎಂದಳು. ಗಂಡ ನೆವಿಲ್‌ನ ಕೈಯಲ್ಲಿದ್ದ ಟೋಸ್ಟು ಬಾಯಿಯ ದಾರಿ ಮರೆಯಿತು.

ಡ್ಯಾರಿಲ್ ಲೊರೇನಳ ತಮ್ಮ. ಅಲ್ಲಿ ಬೇಸಿಗೆಯಲ್ಲೇ ಬರುವ ಕ್ರಿಸ್‌ಮಸ್ಸಿಗೆ ಮುಂಚೆ ಅವನು ಬರುವುದು ಒಂದೇ ಕಾರಣಕ್ಕೆ: ಭಾವನ ಕ್ಯಾರವಾನನ್ನು, ಆ ಗಾಲಿಮನೆಯನ್ನು, ತನ್ನ ಕಾರಿಗೆ ಸಿಕ್ಕಿಸಿಕೊಂಡು ಕಡಲ ತೀರಕ್ಕೆ ಹೋಗುವುದಕ್ಕೆ. ಹೋದ ವರ್ಷ ಅದು ಮರಳಿ ಬಂದಾಗ ಹಾಸಿಗೆಯಲ್ಲಿ ಮರಳು, ಒಲೆಯೊಳಗೆ ಸೀಗಡಿ ಸಿಪ್ಪೆ, ಬಾಗಿಲಿಗೊಂದು ತಗ್ಗು. ನಿವೃತ್ತನಾದ ಮೇಲೆ ನೆವಿಲ್ ತನಗೆಂದು ಕೊಂಡ ಒಂದೇ ವಸ್ತು ಅದು. ಆದರೆ ತಮ್ಮನಿಗೆ ಇಲ್ಲ ಎನ್ನುವುದು ಲೊರೇನಳ ಜಾತಕದಲ್ಲೇ ಇಲ್ಲ.

"ಕ್ಯಾರವಾನಿಗೆ ಇವತ್ತೇ ಹೊದಿಕೆ ಹಾಕ್ಬಿಡ್ತೀನಿ," ಎಂದ ನೆವಿಲ್.

"ಇವತ್ತೇ ಯಾಕೆ?"

"ಬಿಸಿಲು ಕಣೇ. ಚಾವಣಿಯ ಅಂಟು ತಿನ್ನುತ್ತೆ, ಟೈರು ಸೀಳುತ್ತೆ, ಪರದೆ ಬಣ್ಣ ಹೀರುತ್ತೆ. ಒಂದ್ಸಲ ಮುಚ್ಚಿದ್ರೆ ಬೇಸಿಗೆ ಮುಗಿಯೋ ತನಕ ಮುಟ್ಟಬಾರದು." ಕೊನೆಯ ಮಾತು ಅವನದೇ ಸೃಷ್ಟಿ.

ಏಣಿ ಹೊರಗೆ ಬಂದದ್ದೇ ತಡ, ಬೇಲಿಯ ಮೇಲೆ ಪಕ್ಕದ ಮನೆಯ ಮರ್ವಿನ್ ಮುದುಕನ ಟೋಪಿ ಮೂಡಿತು. "ತೊಳೀದೇ ಹೊದಿಸ್ತೀಯೇನಪ್ಪಾ? ಒಳಗಿರೋ ಧೂಳು ಬಣ್ಣಾನ ಉಜ್ಜಿ ಉಜ್ಜಿ ತೆಗೆಯುತ್ತೆ."

ನೆವಿಲ್ ತೊಳೆದ. ಎದುರು ಮನೆಯ ವಿಲ್ಮಾ ನಾಯಿಯೊಂದಿಗೆ ಬಂದು ನಿಂತಳು. "ಒದ್ದೆ ಮೈಗೆ ಹೊದಿಸಿದ್ರೆ ಬೂಷ್ಟು ಹಿಡಿಯುತ್ತೆ. ನಮ್ಮತ್ತೇದು ಹಾಗೇ ಹೋಯ್ತು."

"ಕ್ಯಾರವಾನಾ?"

"ಅಲ್ಲ, ಸೋಫಾ."

ನೆವಿಲ್ ಒರೆಸಿದ. ಚೂಪು ಮೂಲೆಗಳಿಗೆ ಹಳೆಯ ಟವೆಲ್ ಸುತ್ತಿ, ಹೊದಿಕೆ ಹೊತ್ತು ಏಣಿ ಹತ್ತಿದ. ಅದು ಆನೆಗೆ ಹೊಲಿದ ನಿಲುವಂಗಿಯ ಹಾಗಿತ್ತು. ಅಷ್ಟರಲ್ಲಿ ಎಲ್ಲಿಂದಲೋ ಗಾಳಿ ಎದ್ದು, ಹೊದಿಕೆ ಹಾಯಿಯಂತೆ ಉಬ್ಬಿ ಹಾರಿ ವಿಲ್ಮಾಳ ಗುಲಾಬಿ ಗಿಡಗಳನ್ನೆಲ್ಲ ತಬ್ಬಿಕೊಂಡಿತು.

"ಗಿಡಕ್ಕೂ ಬಿಸಿಲು ತಾಗಬಾರದಾ ನೆವ್?" ಎಂದಳು ವಿಲ್ಮಾ. ಅವಳು ನಗುತ್ತಿರಲಿಲ್ಲ.

ಮುಳ್ಳು ಬಿಡಿಸಿ ಮತ್ತೆ ಹತ್ತಿದ. ಎಳೆದ, ಜಗ್ಗಿದ, ಕ್ಯಾರವಾನಿನ ಹೊಟ್ಟೆಯಡಿ ತೆವಳಿ ಪಟ್ಟಿ ಬಿಗಿದ. ಹೊರಬಂದಾಗ ಮರ್ವಿನ್ ತಲೆಯಾಡಿಸುತ್ತಿದ್ದ. "ಹಿಂದುಮುಂದಾಗಿದೆ ಕಣಯ್ಯಾ. ಬಾಗಿಲು ಈ ಕಡೆ, ಜಿಪ್ಪು ಆ ಕಡೆ."

"ಹತ್ತಿದಾಗಲೇ ಹೇಳೋದಲ್ವಾ?"

"ನೀನು ಕೇಳ್ಲೇ ಇಲ್ವಲ್ಲ."

ಮತ್ತೊಮ್ಮೆ ಬಿಚ್ಚಿ ಸರಿಯಾಗಿ ಹೊದಿಸುವ ಹೊತ್ತಿಗೆ ನೆವಿಲ್‌ನ ಕತ್ತು ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿತ್ತು. ಕ್ಯಾರವಾನ್ ಮಾತ್ರ ಎಣ್ಣೆನೀರು ಹಾಕಿಸಿಕೊಂಡ ಕೂಸಿನಂತೆ ಹೊದ್ದು ಮಲಗಿತ್ತು.

ಆಗಲೇ ಡ್ಯಾರಿಲ್‌ನ ಕಾರು ಬಂತು. ಅದರ ಹಿಂದೆ ಹೊಚ್ಚಹೊಸ ಕ್ಯಾರವಾನ್ ಫಳಫಳಿಸುತ್ತಿತ್ತು.

"ಹೋದ ವಾರ ತಗೊಂಡೆ ಭಾವ," ಎಂದ ಡ್ಯಾರಿಲ್.

ನೆವಿಲ್ ಓಡಿಹೋಗಿ ಭಾಮೈದನನ್ನು ಅಪ್ಪಿಕೊಂಡ. ಅಂಗಳದಲ್ಲೇ ಚಹಾಕ್ಕೆ ಕೂರಿಸಿ, ಕೇಕಿನ ದೊಡ್ಡ ಹೋಳನ್ನು ತಾನೇ ಕೊಯ್ದು ಕೊಟ್ಟ. "ಇನ್ನೇನಪ್ಪಾ, ಈ ಸಲ ನಿಂದೇ ತಗೊಂಡು ಕಡಲಿಗೆ ಹೊರಡೋದು!"

ಡ್ಯಾರಿಲ್ ಕೇಕನ್ನು ತಟ್ಟೆಗಿಟ್ಟ. "ಹಾಗೇ ಅಂದ್ಕೊಂಡಿದ್ದೆ. ಅಕ್ಕ ಮಧ್ಯಾಹ್ನ ಮತ್ತೆ ಫೋನ್ ಮಾಡಿ ನೀನಂದಿದ್ದನ್ನೆಲ್ಲ ಹೇಳಿದ್ಲು ನೋಡು, ನನ್ನ ಹೆಂಡತಿ ಗಾಬರಿ ಬಿದ್ದುಬಿಟ್ಲು. ಅಂಟು, ಟೈರು, ಪರದೆ! ಇಲ್ಲೇ ಹೀಗಾದ್ರೆ ಕಡಲಿನ ಬಿಸಿಲಲ್ಲಿ ಗತಿ ಏನು?"

"ಅಷ್ಟೇನೂ ಆಗಲ್ಲ ಬಿಡೋ," ಎಂದ ನೆವಿಲ್ ಮೆಲ್ಲಗೆ.

"ಆಗುತ್ತೆ ಕಣಪ್ಪಾ," ಎಂದ ಮರ್ವಿನ್ ಬೇಲಿಯ ಮೇಲಿಂದ. "ನಿಮ್ಮ ಭಾವ ಬೆಳಗಿಂದ ಅದಕ್ಕೇ ಒದ್ದಾಡ್ತಾ ಇದ್ದಾನೆ."

ಲೊರೇನ್ ತಮ್ಮನ ಭುಜ ತಟ್ಟಿದಳು. "ಎರಡೂ ಒಂದೇ ಅಳತೆ. ಹೊಸದು ಇಲ್ಲೇ ಹೊದ್ದುಕೊಂಡು ಇರ್ಲಿ. ನಮ್ಮದು ಹೆಂಗೂ ಬಿಸಿಲು ಉಂಡಿರೋದು, ಮಕ್ಕಳನ್ನ ಅದ್ರಲ್ಲೇ ಕರ್ಕೊಂಡು ಹೋಗು."

"ಭಾವನಿಗೆ ಬೇಜಾರಿಲ್ಲ ತಾನೇ?" ಎಂದ ಡ್ಯಾರಿಲ್, ಕೇಕು ಎತ್ತಿಕೊಳ್ಳುತ್ತಾ. "ನಿನ್ನಷ್ಟು ಜೋಪಾನ ಮಾಡೋರು ಬೇರೆ ಯಾರು ಸಿಗ್ತಾರೆ ಹೇಳು."

ಎಲ್ಲರೂ ನೆವಿಲ್‌ನ ಮುಖ ನೋಡಿದರು. ಅವನು ಹೊದಿಕೆ ಬಿಚ್ಚಲು ಮತ್ತೆ ಏಣಿ ತರಹೋದ.