ಡೀಫಾಲ್ಟ್ ಮಂಜೂರಾತಿ ಅಧಿಕಾರಿಯ ನೇಮಕ

ಕತ್ರಿಗುಪ್ಪೆಯ ನಮ್ಮ ಕಂಪನಿಯಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಕೆಲಸ ನಡೆಯುತ್ತಿದೆ ಎಂಬ ಗಂಭೀರ ಲೋಪವು ಕಳೆದ ತಿಂಗಳ ಮೊದಲ ಸೋಮವಾರ ಆಡಳಿತದ ಗಮನಕ್ಕೆ ಬಂದಿತು. ನೀರಿನ ಟ್ಯಾಂಕರ್ ಬುಕ್ ಮಾಡುವ ಆ್ಯಪ್ ನಮ್ಮದು. ಯಾರಾದರೂ ಹೊಸ ಕೋಡ್ ಸೇರಿಸಿದ ಕೂಡಲೇ ವೆಬ್‌ಹುಕ್ ಎಂಬ ಸಂದೇಶ ಸರ್ವರ್‌ಗೆ ಹೋಗಿ, ಆ ಕೋಡನ್ನು ಆ್ಯಪ್ ಆಗಿ ಕಟ್ಟುವ ಬಿಲ್ಡ್ ಎಂಬ ಕೆಲಸ ತಾನಾಗಿಯೇ ಶುರುವಾಗುತ್ತಿತ್ತು.

"ತಾನಾಗಿಯೇ ಅಂದ್ರೆ? ಇಲ್ಲಿ ದೊಡ್ಡೋರು ಅಂತ ಯಾರೂ ಇಲ್ವಾ?" ಎಂದು ಎಂ.ಡಿ. ನಂದಕುಮಾರ್ ಕೇಳಿದರು. ಕೇಳಿದ್ದು ನ್ಯಾಯವೇ.

ಅಂದೇ ಸುತ್ತೋಲೆ ಹೊರಟಿತು: "ಪ್ರತಿ ಬಿಲ್ಡ್‌ಗೂ ಈ ಪ್ಯಾರಾಮೀಟರ್‌ಗಳನ್ನು ಭರ್ತಿ ಮಾಡತಕ್ಕದ್ದು. ಮಂಜೂರು ಮಾಡಿದವರ ಹೆಸರು. ರಾಹುಕಾಲ ಕಳೆದಿದೆಯೇ. ಮಂಜೂರು ಮಾಡುವವರ ಕಾಫಿ ಆಗಿದೆಯೇ. ಖಾಲಿ ಬಿಟ್ಟಲ್ಲಿ ಬಿಲ್ಡ್ ತಿರಸ್ಕೃತ."

ವೆಬ್‌ಹುಕ್ ಪಾಪ, ಕೋಡ್ ಬಂದಿದೆ ಅಂತಷ್ಟೇ ಹೇಳಬಲ್ಲದು. ಯಾರ ಕಾಫಿ ಆಯ್ತು, ಬಿಡ್ತು ಅಂತ ಅದಕ್ಕೇನು ಗೊತ್ತು? ಬುಧವಾರ ಬೆಳಗ್ಗೆಯೊಳಗೆ ಎಪ್ಪತ್ತು ಬಿಲ್ಡ್ ತಿರಸ್ಕೃತವಾಗಿದ್ದವು. ಅಂಜನಾಪುರದವರು ಕರೆಸಿದ ಟ್ಯಾಂಕರ್‌ಗಳು ವಸಂತಪುರಕ್ಕೆ ಹೋಗುತ್ತಿದ್ದವು. ಅದನ್ನು ಸರಿಪಡಿಸುವ ಕೋಡೂ ಆ ಎಪ್ಪತ್ತರಲ್ಲೇ ಸಿಕ್ಕಿಕೊಂಡಿತ್ತು.

ಬಿಲ್ಡ್ ನೋಡಿಕೊಳ್ಳುವ ಶ್ವೇತ ನಂದಕುಮಾರ್ ಬಳಿ ಹೋಗಿ ಹೇಳಿದಳು: "ಸಾರ್, ವೆಬ್‌ಹುಕ್ ಬಂದಾಗ ಫಾರಂ ತುಂಬೋಕೆ ಅಲ್ಲಿ ಯಾರೂ ಕೂತಿರಲ್ಲ. ಮೊದಲೇ ಡೀಫಾಲ್ಟ್ ಉತ್ತರ ಹಾಕಿಟ್ರೆ, ಖಾಲಿ ಇದ್ದಲ್ಲೆಲ್ಲ ಅದನ್ನೇ ತಗೊಳುತ್ತೆ."

"ಸಖತ್! ರಾಹುಕಾಲ ಕಳೆದಿದೆ, ಕಾಫಿ ಆಗಿದೆ ಅಂತ ಹಾಕಿ. ಹೆಸರು ನಿಮ್ದೇ ಇರ್ಲಿ. ಆದ್ರೆ ಡೀಫಾಲ್ಟ್ ಆದೋರು ರಜೆ ಹಾಕೋ ಹಾಗಿಲ್ಲ."

ಹೀಗೆ ನಮ್ಮಲ್ಲಿ ರಾಹುಕಾಲ ಶಾಶ್ವತವಾಗಿ ಕಳೆಯಿತು. ಆದರೆ ಶ್ವೇತ ತನ್ನ ರಜೆ ಅರ್ಜಿ ಮುಂದಿಟ್ಟಳು. ಶುಕ್ರವಾರ ಅವಳ ನಿಶ್ಚಿತಾರ್ಥ.

"ನಾನಿಲ್ದೆ ಹೇಗೆ ಸಾರ್ ಮಾಡ್ತಾರೆ?"

"ಅಲ್ಲಿಗೂ ಯಾರನ್ನಾದ್ರೂ ಡೀಫಾಲ್ಟ್ ಹಾಕೋಕಾಗಲ್ವಾ?"

ತನ್ನ ಬದಲು ಹೆಸರು ಹಾಕಲು ರಜೆಯೇ ಬೇಡದವರು ಬೇಕೆಂದು ಶ್ವೇತ ಹಾಜರಿ ದಾಖಲೆ ಜಾಲಾಡಿದಳು. ಮೂರು ವರ್ಷದಿಂದ ಒಂದೇ ಒಂದು ರಜೆ ಕೇಳದವರು ಒಬ್ಬರು ಸಿಕ್ಕರು. ತಿರುಮಲೇಶ. ಮೂರು ವರ್ಷದ ಹಿಂದೆ ಕೆಲಸ ಬಿಟ್ಟು ಬನಶಂಕರಿಯಲ್ಲಿ ದೋಸೆ ಗಾಡಿ ಇಟ್ಟವರು. ಅವರ ಹೆಸರು ತೆಗೆಯಲು ಮಂಜೂರಾತಿ ಇನ್ನೂ ಬಂದಿರಲಿಲ್ಲ.

"ಇಂಥ ನಿಷ್ಠೆ ಈಗಿನ ಕಾಲದಲ್ಲಿ ಎಲ್ಲಿದೆ ರೀ!" ಎಂದು ನಂದಕುಮಾರ್ ಗದ್ಗದಿತರಾದರು.

ಹೆಸರು ಹಾಕಿದ್ದೇ ತಡ, ಎಪ್ಪತ್ತೂ ಬಿಲ್ಡ್ ಓಡಿದವು. ಅಂಜನಾಪುರಕ್ಕೆ ನೀರು ಬಂತು. ಒಂದೇ ಮಧ್ಯಾಹ್ನದಲ್ಲಿ ಇಷ್ಟು ವಿಲೇವಾರಿ ಮಾಡಿದ ತಿರುಮಲೇಶರಿಗೆ ಸಂಜೆಯೇ ವೈಸ್ ಪ್ರೆಸಿಡೆಂಟ್ ಹುದ್ದೆ ನೀಡಲಾಯಿತು. ಪರಿಣಾಮವಾಗಿ ಶ್ವೇತಳ ರಜೆ ಅರ್ಜಿಗೆ ಅವರ ಸಹಿಯೇ ಬೇಕಾಯಿತು. ಗುರುವಾರ ಅವಳು ದೋಸೆ ಗಾಡಿಗೆ ಹೋದಳು.

"ನಾನು ಅಲ್ಲಿ ಕೆಲಸಾನೇ ಮಾಡ್ತಿಲ್ವಲ್ಲಮ್ಮ!"

"ಗೊತ್ತು ಸಾರ್. ಅದಕ್ಕೇ ಪ್ರಮೋಷನ್ ಕೊಟ್ಟಿರೋದು. ಬೇಗ ಸೈನ್ ಹಾಕಿ, ಪ್ಲೀಸ್."

ಅವರು ಕೈ ಒರೆಸಿಕೊಂಡು ಸಹಿ ಹಾಕಿ, ಒಂದು ಮಸಾಲೆ ದೋಸೆಯನ್ನೂ ತಿನ್ನಿಸಿ ಕಳಿಸಿದರು. ನಿಶ್ಚಿತಾರ್ಥ ಸಾಂಗವಾಗಿ ನಡೆಯಿತು.

ಸೋಮವಾರ ಶ್ವೇತ ಮರಳಿ ಬಂದಾಗ ಹೊಸ ಸುತ್ತೋಲೆ ಅಂಟಿಸಿತ್ತು: "ಬಡ್ತಿ ಬಯಸುವವರು ಮೊದಲು ರಾಜೀನಾಮೆ ಸಲ್ಲಿಸಿ, ಮೂರು ವರ್ಷ ತೃಪ್ತಿಕರವಾಗಿ ಗೈರುಹಾಜರಾಗತಕ್ಕದ್ದು."

ಊಟದ ಹೊತ್ತಿಗೆ ಹನ್ನೊಂದು ರಾಜೀನಾಮೆ ಬಂದವು. ಮೊದಲನೆಯದು ಖುದ್ದು ನಂದಕುಮಾರ್ ಅವರದೇ.